ಟಿಕೆಟ್ ಇಲ್ಲದ ಹೆಜ್ಜೆಗಳು

ಇನ್ಸ್‌ಪೆಕ್ಟರ್ ಎಂದ ಕೂಡಲೇ ಪೊಲೀಸ್ ಎಂದುಕೊಳ್ಳಬೇಡಿ. ಇವರು ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಇನ್ಸ್‌ಪೆಕ್ಟರ್. ನಿವೃತ್ತರಾಗಿ ಏಳು ವರ್ಷ ಕಳೆದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಇನ್ಸ್‌ಪೆಕ್ಟರೇ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರು.

ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಬಹಳ ಸರಳವಾದದ್ದು. ಬಸ್ಸು ಹತ್ತಿ ಮೊದಲು ತಲೆ ಎಣಿಸುವುದು, ಆಮೇಲೆ ಟಿಕೆಟ್ ಎಣಿಸುವುದು. ತಲೆ ನಲವತ್ತೆರಡು, ಟಿಕೆಟ್ ನಲವತ್ತೊಂದು ಎಂದಾದರೆ ಅವರ ಮುಖದಲ್ಲಿ ಒಂಥರಾ ನೆಮ್ಮದಿ ಮೂಡುತ್ತಿತ್ತು. ಎರಡೂ ಸರಿಹೋದ ದಿನ ಮಾತ್ರ ಏನೋ ಕಳೆದುಕೊಂಡವರಂತೆ ಇಳಿದು ಹೋಗುತ್ತಿದ್ದರು. ಆ ಚಟ ಈಗಲೂ ಬಿಟ್ಟಿಲ್ಲ. ಡಾಕ್ಟರ ಕೊಠಡಿಯ ಮುಂದೆ ಕೂತರೂ ತಲೆ ಎಣಿಸುತ್ತಾರೆ. ಟೋಕನ್ ಹದಿನೆಂಟು, ತಲೆ ಇಪ್ಪತ್ತೈದು, ಅಂದರೆ ಏಳು ಜನ ಸುಮ್ಮನೆ ಜೊತೆಗೆ ಬಂದವರು ಎಂದು ಮನಸ್ಸಿನಲ್ಲೇ ದಾಖಲಿಸಿಕೊಂಡು, ಅವರು ಯಾರ‍್ಯಾರು ಎಂದು ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡುತ್ತಾರೆ.

ಸಿಕ್ಕಿಬಿದ್ದವರ ವಿಷಯದಲ್ಲಿ ಅವರದು ಒಂದೇ ಕಾನೂನು. ಅವರು ಯಾರೇ ಆಗಿರಲಿ, ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು. ಈ ಮಾತಿಗೆ ಸಾಕ್ಷಿಯಾಗಿ ಪಾರ್ಕಿನಲ್ಲಿ ಅವರು ತಪ್ಪದೆ ಹೇಳುತ್ತಿದ್ದ ಕತೆಯೊಂದಿತ್ತು. ಮಗಳು ಹುಟ್ಟಿ ಹತ್ತು ದಿನವಾಗಿತ್ತು. ಮೊಮ್ಮಗಳನ್ನು ನೋಡಲೆಂದು ಮಾವನವರು ಬಸ್ಸಿನಲ್ಲಿ ಬರುತ್ತಿದ್ದರು. ಅದೇ ಬಸ್ಸಿಗೆ ಇವರು ತಪಾಸಣೆಗೆ ಹತ್ತಿದರು. ಮಾವನವರ ಹತ್ತಿರ ಟಿಕೆಟ್ ಇರಲಿಲ್ಲ. "ತಗೊಂಡಿದ್ದೆ ಅಳಿಯಂದಿರೇ, ಎಲ್ಲಿಟ್ಟೆನೋ ಕಾಣ್ತಿಲ್ಲ," ಎಂದು ಅಂಗಿಯ ಜೇಬು, ಪಂಚೆಯ ಮಡಿಕೆ, ಚೀಲ ಎಲ್ಲ ತಡಕಾಡಿದರು. "ಎಲ್ಲರೂ ಹೇಳೋದು ಇದನ್ನೇ," ಎಂದು ಇನ್ಸ್‌ಪೆಕ್ಟರ್ ಸೀಟಿ ಊದಿದರು. ಮಾವನವರು ಇಳಿದರು. ಅಲ್ಲಿಂದ ಮನೆಗೆ ನಾಲ್ಕು ಕಿಲೋಮೀಟರ್, ನಡೆದೇ ಬಂದರು. "ಸ್ವಂತ ಮಾವ ಸಾರ್! ಎಳ್ಳಷ್ಟೂ ಮುಲಾಜು ನೋಡಲಿಲ್ಲ," ಎಂದು ಇನ್ಸ್‌ಪೆಕ್ಟರ್ ಎದೆ ಉಬ್ಬಿಸಿ ಕತೆ ಮುಗಿಸುತ್ತಿದ್ದರು. ಮನೆಯಲ್ಲಿ ನೆಂಟರ ಮುಂದೆ ಇದೇ ಕತೆ ಶುರುವಾದರೆ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ನಿವೃತ್ತಿಯ ನಂತರ ಇನ್ಸ್‌ಪೆಕ್ಟರ್ ಹತ್ತಿದ ಬಸ್ಸೆಂದರೆ ದಿನಪತ್ರಿಕೆ. ಪಾರ್ಕಿನಿಂದ ಬಂದು ಸ್ನಾನ ಮುಗಿಸಿ, ಮುಂಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿದರೆ ಅಲ್ಲಿಗೆ ತಪಾಸಣೆ ಶುರು. ಎರಡು ಪತ್ರಿಕೆ, ಎರಡು ಗಂಟೆ. ಒಂದು ಸುದ್ದಿಯನ್ನೂ ಟಿಕೆಟ್ ತೋರಿಸದೆ ಮುಂದಕ್ಕೆ ಬಿಡುತ್ತಿರಲಿಲ್ಲ.

"ಕೇಳಿದ್ಯಾ ಇವಳೇ? ತಪ್ಪಿತಸ್ಥರನ್ನ ಬಿಡೋ ಪ್ರಶ್ನೆಯೇ ಇಲ್ಲವಂತೆ. ಮೊದಲು ಹಿಡಿಯೋ ಪ್ರಶ್ನೆ ಇದೆಯಾ ಅಂತ ಕೇಳು! ನೂರಕ್ಕೆ ಎಂಬತ್ಮೂರು ಜನ ಸುಖವಾಗಿದ್ದಾರಂತೆ. ನನ್ನನ್ನ ಕೇಳಿದ್ರಾ? ನಿನ್ನನ್ನ ಕೇಳಿದ್ರಾ? ಏಳು ಗೋಲು ಹೊಡೆಸ್ಕೊಂಡು ಬಂದು ಕೋಚು ಹೇಳ್ತಾನೆ, ಸೋಲಿನಿಂದ ಪಾಠ ಕಲಿತಿದ್ದೇವೆ ಅಂತ. ಹನ್ನೊಂದು ವರ್ಷದಿಂದ ಪಾಠಾನೇ ಕಲೀತಿದಾರೆ, ಪರೀಕ್ಷೆ ಯಾವತ್ತೋ! ಇನ್ನೆರಡು ವರ್ಷದಲ್ಲಿ ಕಾರು ಹಾರುತ್ತಂತೆ. ನಮ್ಮ ಬೀದಿ ಗುಂಡಿಗಳಲ್ಲಿ ಅದು ಈಗಾಗಲೇ ಹಾರ್ತಾ ಇದೆ, ಅದನ್ನ ಯಾರೂ ಬರೀಲಿಲ್ಲ."

ಒಂದೊಂದು ಮಾತಿಗೂ ಬಲಗೈ ಮೇಲೇಳುತ್ತಿತ್ತು, ಗಾಳಿಯನ್ನು ಸೀಳುತ್ತಿತ್ತು, ಪತ್ರಿಕೆಯ ಮೇಲೆ ಪಟಾರನೆ ಬೀಳುತ್ತಿತ್ತು. ಅಡುಗೆಮನೆಯಿಂದ "ಹೂಂ" ಎಂಬ ಒಂದು ದನಿ ಬಂದರೆ ಸಾಕು, ಮುಂದಿನ ಪುಟ. ಈ ಎರಡು ಗಂಟೆಗಾಗಿಯೇ ಅವರು ಉಳಿದ ಇಪ್ಪತ್ತೆರಡು ಗಂಟೆ ಬದುಕುತ್ತಿದ್ದರು ಎಂದರೂ ತಪ್ಪಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪತ್ರಿಕೆಯ ನಡುವೆ ಕಪ್ಪು ಚುಕ್ಕೆ ಕಾಣಿಸಿತು. ಮುದ್ರಣದವರ ಅಸಡ್ಡೆ ಎಂದು ಬೈದುಕೊಂಡು ಪುಟ ತಿರುಗಿಸಿದರು. ಚುಕ್ಕೆ ಅಲ್ಲೂ ಇತ್ತು. ಗೋಡೆ ನೋಡಿದರು, ಗೋಡೆಯ ಮೇಲೂ ಇತ್ತು.

ಕಣ್ಣಿನ ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ಅವರು ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಸರ್, ಒಳಗೆ ಸಣ್ಣ ರಕ್ತನಾಳಗಳು ಜಿನುಗೋಕೆ ಶುರುವಾಗಿದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲ. ಮೂರು ತಿಂಗಳಲ್ಲಿ ಇಳಿಸಿದ್ರೆ ಇಷ್ಟಕ್ಕೇ ನಿಲ್ಲಬಹುದು. ಇಳೀದಿದ್ರೆ ಮೊದಲು ಹೋಗೋದು ಓದು."

ಇನ್ಸ್‌ಪೆಕ್ಟರಿಗೆ ಹೆದರಿಕೆಯಾಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಹೊರಗೆ ಬಂದು, "ಕನ್ನಡಕದ ಅಂಗಡಿಯವರ ಜೊತೆ ಇವರಿಗೆ ಏನೋ ಒಪ್ಪಂದ ಇದೆ," ಎಂದರು. ಆದರೆ ಅವತ್ತು ಮನೆಗೆ ಬಂದವರೇ ಪತ್ರಿಕೆಯ ಕೊನೆಯ ಪುಟದ ಟೆಂಡರ್ ಜಾಹೀರಾತುಗಳನ್ನೂ ಬಿಡದೆ ಓದಿದರು.

ಮಗಳು ಊರಿನ ಇನ್ನೊಂದು ತುದಿಯಲ್ಲಿದ್ದಳು, ಶಾಲೆಯೊಂದರಲ್ಲಿ ಗಣಿತದ ಟೀಚರ್. ಆ ಭಾನುವಾರವೇ ಬಂದು ಅಪ್ಪನ ಮುಂದೆ ಕಪ್ಪು ಪಟ್ಟಿಯೊಂದನ್ನು ಇಟ್ಟಳು. ಕೈಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಪಟ್ಟಿ.

"ದಿನಕ್ಕೆ ಎಂಟು ಸಾವಿರ ಹೆಜ್ಜೆ ಅಪ್ಪ. ಎಂಟು ಸಾವಿರ ಆದ ತಕ್ಷಣ ಝುಂ ಅಂತ ನಡುಗುತ್ತೆ. ಲೆಕ್ಕ ನನ್ನ ಫೋನಿಗೆ ಬರುತ್ತೆ."

"ಅಂದ್ರೆ ನನ್ನ ಮೇಲೆ ಬೇಹುಗಾರಿಕೆ."

"ಹೌದು. ನೀನು ಇಡೀ ಊರಿನ ಮೇಲೆ ಮಾಡಿಲ್ವಾ?"

ಎಡಗೈಯಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಕಟ್ಟಿದ ಕೀಲಿ ಕೊಡುವ ಗಡಿಯಾರವಿತ್ತು. ಅದನ್ನು ಬಿಚ್ಚುವ ಮಾತೇ ಇಲ್ಲ ಎಂದರು. ಹಾಗಾಗಿ ಪಟ್ಟಿ ಬಲಗೈಗೆ ಬಂತು.

ಮೊದಲ ವಾರ ಅವರು ಅದನ್ನು ಕಂಡಕ್ಟರನನ್ನು ನೋಡುವಂತೆಯೇ ನೋಡಿದರು. ಆದರೆ ಪಟ್ಟಿ ದಿನಾ ಬೆಳಿಗ್ಗೆ ಒಂಬತ್ತು ಗಂಟೆಯ ಸುಮಾರಿಗೆ, ಪತ್ರಿಕೆ ಓದುವಾಗ, ಝುಂ ಎಂದು ಮಣಿಕಟ್ಟನ್ನು ಸವರುತ್ತಿತ್ತು. ಪಾರ್ಕಿನ ನಡಿಗೆ ಮುಗಿದು ಎರಡು ಗಂಟೆಯಾದ ಮೇಲೆ ನಡುಗುವುದೇಕೆ ಎಂಬ ಪ್ರಶ್ನೆ ಒಮ್ಮೆ ಬಂತು. ಮೇಲಿನವರಿಗೆ ಕಡತ ಹೋಗಿ ಮಂಜೂರಾಗಿ ಬರಲು ಅಷ್ಟು ಹೊತ್ತಾದರೂ ಬೇಡವೇ ಎಂದು ತಾವೇ ಸಮಾಧಾನ ಹೇಳಿಕೊಂಡರು. ಸರ್ಕಾರಿ ನೌಕರಿ ಮಾಡಿದವರಿಗೆ ತಡವಾಗಿ ಬಂದದ್ದರ ಮೇಲೆ ವಿಶ್ವಾಸ ಜಾಸ್ತಿ. ಪಟ್ಟಿಯ ಮೇಲಿನ ಅಂಕಿ ಇರುವೆ ಗಾತ್ರದ್ದು, ಅವರ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ಮಗಳ ಸಂದೇಶ ಮಾತ್ರ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು: ಎಂಟು ಸಾವಿರದ ಆರುನೂರು, ಶಭಾಷ್ ಅಪ್ಪ! ಬದುಕಿನಲ್ಲಿ ಯಾರನ್ನೂ ನಂಬದ ಮನುಷ್ಯ ಕೊನೆಗೆ ಒಂದು ರಬ್ಬರ್ ಪಟ್ಟಿಯನ್ನು ನಂಬಿದರು. ನಂಬಿದ್ದೇ ತಡ, ಪಾರ್ಕಿನ ಆರು ಸುತ್ತು ಐದಾಯಿತು, ಐದು ಮೂರಾಯಿತು. ಲೆಕ್ಕ ಹೇಗೂ ತುಂಬುತ್ತಿತ್ತು.

ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟರು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಕಣ್ಣು ನೋಡಿ, "ಇನ್ನೊಂದು ತಿಂಗಳು ನೋಡೋಣ. ಆಮೇಲೆ ಇಂಜೆಕ್ಷನ್ ಶುರು ಮಾಡಲೇಬೇಕು. ಎಡಗಣ್ಣಿನ ಬಗ್ಗೆ ನಾನು ಮಾತು ಕೊಡಲಾರೆ," ಎಂದರು.

ತಪ್ಪು ಎಲ್ಲೋ ಆಗಿದೆ ಎಂಬುದರಲ್ಲಿ ಇನ್ಸ್‌ಪೆಕ್ಟರಿಗೆ ಸಂಶಯವಿರಲಿಲ್ಲ. ಯಾರಿಂದ ಎಂಬುದಷ್ಟೇ ಪ್ರಶ್ನೆ. ಮೊದಲು ಲ್ಯಾಬಿನವರ ಮೇಲೆ ಹೋದರು. ನನ್ನ ಸೀಸೆಗೆ ಬೇರೆಯವರ ಚೀಟಿ ಅಂಟಿಸಿದ್ದೀರಿ ಎಂದು ಜಗಳವಾಡಿ ಇನ್ನೊಂದು ಲ್ಯಾಬಿಗೆ ರಕ್ತ ಕೊಟ್ಟರು. ಅಲ್ಲಿ ಇನ್ನೂ ಎರಡು ಅಂಕ ಹೆಚ್ಚೇ ಬಂತು. ಆಮೇಲೆ ಮಾತ್ರೆಯ ಮೇಲೆ ಅನುಮಾನ. ಬೇರೆ ಅಂಗಡಿಯಲ್ಲಿ ಕೊಂಡ ಮಾತ್ರೆಯ ಪಕ್ಕದಲ್ಲಿಟ್ಟು ಬಣ್ಣ ಹೋಲಿಸಿದರು. ಎರಡೂ ಒಂದೇ ಬಿಳಿ. ಇನ್ನುಳಿದಿದ್ದು ಮನೆ.

ಒಂದು ಬೆಳಿಗ್ಗೆ ಹೆಂಡತಿ ಸಕ್ಕರೆ ಡಬ್ಬಿಯನ್ನು ತೆಗೆದಾಗ ಅದರ ಗಾಜಿನ ಮೇಲೆ ಸ್ಕೆಚ್ ಪೆನ್ನಿನ ಗೆರೆ ಕಂಡಿತು. ಸಕ್ಕರೆ ಎಲ್ಲಿಯವರೆಗಿತ್ತೋ ಅಲ್ಲಿಗೆ ಸರಿಯಾಗಿ, ಪಕ್ಕದಲ್ಲಿ ತಾರೀಖು ಸಮೇತ.

"ಏನ್ರೀ ಇದು?"

"ನಿನ್ನ ಮೇಲೆ ಅನುಮಾನ ಅಂತಲ್ಲ. ಟೀ ಸ್ವಲ್ಪ ಸಿಹಿ ಇರುತ್ತೆ ಅನ್ನಿಸ್ತು. ಪಾಪ ಅಂತ ಒಂದು ಚಮಚ ಹಾಕ್ತೀಯೇನೋ ಅಂತ…"

ಹೆಂಡತಿ ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಡಬ್ಬಿ, ಟೀ ಪುಡಿ, ಹಾಲು, ಪಾತ್ರೆ ಎಲ್ಲ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇವತ್ತಿಂದ ನಿಮ್ಮ ಟೀ ನೀವೇ ಮಾಡ್ಕೊಳ್ಳಿ ಇನ್ಸ್‌ಪೆಕ್ಟರೇ," ಎಂದು ಹೋದರು. ಅವತ್ತಿನಿಂದ ಅಡುಗೆಮನೆಯಿಂದ "ಹೂಂ" ಬರುವುದು ನಿಂತಿತು. ಪತ್ರಿಕೆ ಓದುವಾಗ ಇನ್ಸ್‌ಪೆಕ್ಟರ್ ದನಿ ಏರಿಸಿದರು. ಗೋಡೆಗೆ ಹೇಳಿದಂತಾಯಿತು. ಆದರೂ ಗೆರೆಯನ್ನು ಮಾತ್ರ ಅಳಿಸಲಿಲ್ಲ.

ಅದೇ ವಾರ ಪಾರ್ಕಿನಲ್ಲಿ ಇನ್ನೊಂದು ಏಟು ಬಿತ್ತು. ಪಕ್ಕದ ಮನೆಯ ಪಿ.ಟಿ. ಮೇಷ್ಟ್ರೂ ಅಂಥದೇ ಪಟ್ಟಿ ಕಟ್ಟಿಕೊಂಡಿದ್ದರು. ಅರವತ್ತೆಂಟರಲ್ಲೂ ಮೈಯಲ್ಲಿ ಒಂದು ಮಡಿಕೆಯಿಲ್ಲದ ಮನುಷ್ಯ.

"ಸಾರ್, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಾನು ಆರು ಸುತ್ತು ಹಾಕ್ತೀನಿ, ನನಗೆ ದಿನಕ್ಕೆ ಏಳೂವರೆ ಸಾವಿರ. ನೀವು ಮೂರು ಸುತ್ತು ಹಾಕಿ ಬೆಂಚ್ ಹಿಡೀತೀರಿ, ನಿಮಗೆ ಎಂಟೂವರೆ ಸಾವಿರ. ಅದು ಹೆಂಗೆ?"

"ಅಂದ್ರೆ? ನಾನು ಮೋಸ ಮಾಡ್ತಿದೀನಿ ಅಂತಲಾ?"

"ನಾನು ಹಾಗೆ ಹೇಳಲಿಲ್ಲ. ಲೆಕ್ಕ ಕೇಳಿದೆ ಅಷ್ಟೆ."

ಮೂವತ್ತೊಂದು ವರ್ಷ ಬೇರೆಯವರಿಗೆ ಕೇಳಿದ ಪ್ರಶ್ನೆಯನ್ನು ಮೊದಲ ಬಾರಿಗೆ ಇನ್ನೊಬ್ಬರ ಬಾಯಿಂದ ಕೇಳಿ ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದುಕೊಂಡರು. ಆದರೆ ಒಳಗಿನ ತಪಾಸಣಾಧಿಕಾರಿ ಕಿವಿ ನಿಮಿರಿಸಿ ಕೂತಾಗಿತ್ತು. ಮರುದಿನ ಅವರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದರು. ತಲೆ ಎಣಿಸುವ ಬದಲು ಹೆಜ್ಜೆ ಎಣಿಸಿದರು. ಮನೆಯಿಂದ ಪಾರ್ಕು, ಮೂರು ಸುತ್ತು, ಪಾರ್ಕಿನಿಂದ ಮನೆ. ಯಾರು ನಮಸ್ಕಾರ ಎಂದರೂ ಬಾಯಿ ಬಿಡದೆ ಎಣಿಸಿ, ಗೇಟಿನ ಬಳಿ ಮೇಷ್ಟ್ರ ಮುಂದೆ ಕೈ ಚಾಚಿದರು.

"ಓದಿ ಮೇಷ್ಟ್ರೇ, ಎಷ್ಟಿದೆ?"

"ಮೂರು ಸಾವಿರದ ಇನ್ನೂರ ಒಂಬತ್ತು."

ಅವರ ಎಣಿಕೆ ಮೂರು ಸಾವಿರದ ಇನ್ನೂರ ಹದಿನಾಲ್ಕು. ಐದು ಹೆಚ್ಚುಕಡಿಮೆ ಯಾವ ಬಸ್ಸಿನಲ್ಲೂ ಇರುತ್ತದೆ. ಅಂದರೆ ಪಟ್ಟಿ ಕಳ್ಳನಲ್ಲ. ಹಾಗಿದ್ದರೆ ಏಳು ಗಂಟೆಯ ನಂತರ ಒಂಬತ್ತರೊಳಗೆ ಸುಮಾರು ಐದು ಸಾವಿರ ಹೆಜ್ಜೆಗಳು ಎಲ್ಲಿಯೋ ಹತ್ತಿಕೊಳ್ಳುತ್ತಿದ್ದವು. ಟಿಕೆಟ್ ಇಲ್ಲದೆ!

ಸ್ನಾನದ ಹೊತ್ತಿನಲ್ಲಿ ಪಟ್ಟಿ ಕನ್ನಡಿಯ ಕೆಳಗಿನ ಗೂಡಿನಲ್ಲಿರುತ್ತಿತ್ತು. ಆಗ ಮನೆಯಲ್ಲಿರುವವರು ಒಬ್ಬರೇ. ಮಗಳು ಖುಷಿಪಡಲೆಂದು ಹೆಂಡತಿ ಪಟ್ಟಿ ಕಟ್ಟಿಕೊಂಡು ಕಸ ಗುಡಿಸುತ್ತಿರಬಹುದೇ? ತಾಯಿ ಮಗಳು ಸೇರಿ ನಡೆಸಿದ ಸಂಚೇ? ಯೋಚನೆ ಬಂದದ್ದೇ ತಡ, ಇನ್ಸ್‌ಪೆಕ್ಟರ್ ಕೇಳಿಯೇಬಿಟ್ಟರು.

"ನಾನು ಸ್ನಾನಕ್ಕೆ ಹೋದಾಗ ನನ್ನ ಪಟ್ಟಿ ನೀನು ಕಟ್ಕೊಳ್ತೀಯಾ?"

ಹೆಂಡತಿ ಪೊರಕೆ ಹಿಡಿದು ನೆಟ್ಟಗೆ ನಿಂತರು. "ಮೂವತ್ತಾರು ವರ್ಷದಿಂದ ಈ ಮನೇಲಿ ನಡೀತಾ ಇದೀನಿ. ಒಂದು ದಿನ ಯಾರೂ ಎಣಿಸಲಿಲ್ಲ. ಈಗ ನಿಮ್ಮ ಲೆಕ್ಕಕ್ಕೆ ನಡೀಬೇಕಾ?"

ಉತ್ತರ ಸರಿಯಾಗಿಯೇ ಇತ್ತು. ಆದರೆ ಸರಿಯಾದ ಉತ್ತರಗಳನ್ನು ಇನ್ಸ್‌ಪೆಕ್ಟರ್ ಬಹಳ ಕೇಳಿದ್ದರು. ಮರುದಿನ ಸ್ನಾನಕ್ಕೆ ಹೋಗುವ ಮುನ್ನ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಜೊತೆಗೇ ಒಯ್ದರು. ಹೊರಬಂದು ಮಗಳ ಹಳೆಯ ಭೂತಗನ್ನಡಿ ಹಿಡಿದು ಅಂಕಿ ನೋಡಿದರು. ಮೂರು ಸಾವಿರದ ಮುನ್ನೂರು ಚಿಲ್ಲರೆ. ಹೆಚ್ಚಾಗಿರಲಿಲ್ಲ. ಹೆಂಡತಿಯನ್ನು ಖುಲಾಸೆ ಮಾಡಬೇಕೇ ಬೇಡವೇ, ಬೀಗ ನೋಡಿ ಎಚ್ಚೆತ್ತುಕೊಂಡಿರಲೂಬಹುದಲ್ಲ ಎಂದು ತೂಗುತ್ತ ಕುರ್ಚಿಗೆ ಬಂದು, ಕಾಲು ಸ್ಟೂಲಿನ ಮೇಲಿಟ್ಟು ಪತ್ರಿಕೆ ಬಿಡಿಸಿದರು.

ಒಂದೊಂದೇ ಪುಟ ಬೈದು ಮುಗಿಸಿ ಕ್ರೀಡಾಪುಟಕ್ಕೆ ಬರುವ ಹೊತ್ತಿಗೆ ಒಂಬತ್ತಾಗುತ್ತ ಬಂದಿತ್ತು. ಅಲ್ಲೊಂದು ಸುದ್ದಿಯಿತ್ತು. ಇನ್ನು ಮುಂದೆ ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಹೇಳಲು ಗೆರೆಯ ಪಕ್ಕ ಮನುಷ್ಯರು ಇರುವುದಿಲ್ಲ, ಯಂತ್ರವೇ ಹೇಳುತ್ತದೆ, ಅದರ ತೀರ್ಪಿಗೆ ಮೇಲ್ಮನವಿ ಇಲ್ಲ. ಇನ್ಸ್‌ಪೆಕ್ಟರ ಮೈ ಉರಿದುಹೋಯಿತು.

"ಕೇಳು ಇಲ್ಲಿ! ಮನುಷ್ಯನ ಕಣ್ಣು ಬೇಡವಂತೆ! ಯಂತ್ರ ಹೇಳಿದ್ದೇ ಸತ್ಯ! ಅದನ್ನ ತಪಾಸಣೆ ಮಾಡೋರು ಯಾರು? ಹಾಂ? ಆ ಯಂತ್ರ ಮಾಡಿದವನು ಗೆರೆ ನೋಡಿದಾನಾ? ಬಿಸಿಲಲ್ಲಿ ನಿಂತಿದಾನಾ? ನಾಳೆ ಬಸ್ಸಲ್ಲೂ ಇದನ್ನೇ ಇಡ್ತಾರೆ. ಯಾರೋ ಒಬ್ಬ ಮುದುಕ ನಿಜ ಹೇಳಿದ್ರೂ ಇಳಿ ಅನ್ನುತ್ತೆ ಅದು! ಮುಖ ನೋಡಲ್ಲ, ಮಾತು ಕೇಳಲ್ಲ…"

ಬಲಗೈ ಮೇಲೆ ಕೆಳಗೆ, ಮೇಲೆ ಕೆಳಗೆ. ಪತ್ರಿಕೆ ಪಟಪಟ ಎಂದಿತು. ಅಷ್ಟರಲ್ಲಿ ಮಣಿಕಟ್ಟಿನಲ್ಲಿ ಝುಂ ಎಂದಿತು.

ಕೈ ಗಾಳಿಯಲ್ಲೇ ನಿಂತಿತು. ಇನ್ಸ್‌ಪೆಕ್ಟರ್ ಮೆಲ್ಲಗೆ ತಮ್ಮ ಕಾಲುಗಳ ಕಡೆ ನೋಡಿದರು. ಎರಡೂ ಸ್ಟೂಲಿನ ಮೇಲೆ ಒಂದರ ಮೇಲೊಂದು ಆರಾಮಾಗಿ ಮಲಗಿದ್ದವು. ಭೂತಗನ್ನಡಿಯಲ್ಲಿ ಅಂಕಿ ನೋಡಿದರು. ಎಂಟು ಸಾವಿರದ ಎರಡು. ಮಾತಿಲ್ಲದೆ ಕೈಯನ್ನಷ್ಟೇ ನೂರು ಬಾರಿ, ಎಣಿಸಿಕೊಂಡು, ಬೀಸಿದರು. ಮತ್ತೆ ನೋಡಿದರು. ಎಂಟು ಸಾವಿರದ ತೊಂಬತ್ತೆಂಟು.

ಮೂರು ತಿಂಗಳಿಂದ ಅವರು ಕುರ್ಚಿಯಲ್ಲಿ ಕೂತು ಮಂತ್ರಿಗಳ ಮೇಲೆ, ಕೋಚುಗಳ ಮೇಲೆ, ಹಾರುವ ಕಾರುಗಳ ಮೇಲೆ ಕೈ ಬೀಸುತ್ತ ದಿನಕ್ಕೆ ಐದು ಸಾವಿರ ಹೆಜ್ಜೆ ನಡೆದಿದ್ದರು. ಆ ಐದು ಸಾವಿರವನ್ನು ನಂಬಿ ಪಾರ್ಕಿನ ಮೂರು ಸುತ್ತು ಬಿಟ್ಟಿದ್ದರು. ಎಡಗಣ್ಣಿನ ಚುಕ್ಕೆ ಆ ಮೂರು ತಿಂಗಳಲ್ಲಿ ಸಾಸಿವೆಯಿಂದ ಕಡಲೆಯಷ್ಟಾಗಿತ್ತು. ಲ್ಯಾಬಿನವರು ನಿಜ ಹೇಳಿದ್ದರು. ಮಾತ್ರೆ ನಿಜವಾದದ್ದೇ. ಟೀಯಲ್ಲಿ ಸಕ್ಕರೆ ಇರಲಿಲ್ಲ. ಇಡೀ ಬಸ್ಸಿನಲ್ಲಿ ಟಿಕೆಟ್ ಇಲ್ಲದವರು ಅವರೊಬ್ಬರೇ.

"ಯಾರಿಗ್ರೀ ಟಾಟಾ ಮಾಡ್ತಿದೀರಾ, ಅಷ್ಟು ಹೊತ್ತಿಂದ?"

ಒಗೆದ ಬಟ್ಟೆಯ ಬಕೆಟ್ ಹಿಡಿದು ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನೊಣ ಓಡಿಸುತ್ತಿದ್ದೆ ಎನ್ನಬಹುದಿತ್ತು. ಸಿಕ್ಕಿಬಿದ್ದವರು ಹೇಳುವ ನೂರು ಸಬೂಬು ಇನ್ಸ್‌ಪೆಕ್ಟರಿಗೆ ಬಾಯಿಪಾಠವಾಗಿತ್ತು. ಒಂದೂ ನಾಲಿಗೆಗೆ ಬರಲಿಲ್ಲ. ಕೈ ಚಾಚಿ ಪಟ್ಟಿ ತೋರಿಸಿ ಎಲ್ಲವನ್ನೂ ಹೇಳಿದರು. ಮೂರು ಸುತ್ತು, ಮೂರು ಸಾವಿರ, ಉಳಿದದ್ದು ಈ ಕುರ್ಚಿ.

"ಸಿಕ್ಕಿಬಿದ್ದೆ ಕಣೇ," ಎಂದರು ಕೊನೆಗೆ.

ಹೆಂಡತಿ ಬಕೆಟ್ ಕೆಳಗಿಟ್ಟರು. ನಗುತ್ತಾರೆ ಎಂದುಕೊಂಡರು ಇನ್ಸ್‌ಪೆಕ್ಟರ್. ಅವರು ನಗಲಿಲ್ಲ. ಪತ್ರಿಕೆಯನ್ನು ಗಂಡನ ಕೈಯಿಂದ ತೆಗೆದುಕೊಂಡರು, ಮಡಚಿದರು, ಕಂಕುಳಲ್ಲಿ ಇಟ್ಟುಕೊಂಡರು.

"ಇಳೀರಿ."

"ಏನು?"

"ಕುರ್ಚಿಯಿಂದ ಇಳೀರಿ. ನಿಮ್ಮದೇ ಕಾನೂನು. ನಡೀರಿ."

ಇಬ್ಬರೂ ಬೀದಿಗೆ ಬಂದರು. ಬಿಸಿಲು ಏರಿತ್ತು. ಇನ್ಸ್‌ಪೆಕ್ಟರ್ ಪಾರ್ಕಿನ ಕಡೆ ತಿರುಗಿದರು. ಹೆಂಡತಿ ತಲೆಯಾಡಿಸಿ ಇನ್ನೊಂದು ಕಡೆ, ಬಸ್ಸಿನ ರಸ್ತೆಯ ಕಡೆ, ಹೆಜ್ಜೆ ಹಾಕಿದರು. ಒಂದು ಸ್ಟಾಪು ದಾಟಿತು. ಎರಡು ದಾಟಿತು. ಹೆಂಡತಿ ನಡುನಡುವೆ ನೆರಳಲ್ಲಿ ನಿಂತು ತಲೆಬರಹ ಓದಿ ಹೇಳುತ್ತಿದ್ದರು. ಅಣೆಕಟ್ಟು ತುಂಬಿದೆ. ಯಾವುದೋ ತಂಡದ ನಾಯಕ ಬದಲಾಗಿದ್ದಾನೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದ ಇನ್ಸ್‌ಪೆಕ್ಟರಿಗೆ ಒಂದಕ್ಕೂ ಟೀಕೆ ಹೊಳೆಯಲಿಲ್ಲ. ಈ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಕಾಲು ನೋಯುತ್ತಿತ್ತು, ಆದರೂ ನಿಲ್ಲದೆ ನಡೆದರು.

ನಾಲ್ಕು ಕಿಲೋಮೀಟರ್ ಆದಾಗ ಹಳೆಯ ಸ್ಟಾಪು ಬಂತು. ತಗಡಿನ ಸೂರು ಹೋಗಿ ಕಾಂಕ್ರೀಟಿನದು ಬಂದಿತ್ತು, ಕಲ್ಲಿನ ಬೆಂಚು ಮಾತ್ರ ಅದೇ. ಹೆಂಡತಿ ಅದರ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಪ್ಪನಿಗೆ ಅವತ್ತು ಅರವತ್ತಾರು. ಕೈಯಲ್ಲಿ ಮಗೂಗೆ ಅಂತ ತಂದ ತೊಟ್ಟಿಲು ಬಟ್ಟೆ ಗಂಟು."

ಇನ್ಸ್‌ಪೆಕ್ಟರ್ ನಿಂತೇ ಇದ್ದರು. ಅವರಿಗೆ ಈಗ ಅರವತ್ತೇಳು.

"ಟಿಕೆಟ್ ಇತ್ತು ಕಣ್ರೀ. ಕನ್ನಡಕದ ಡಬ್ಬಿ ಒಳಗೆ ಇತ್ತು. ಮನೆಗೆ ಬಂದು ಮೊಮ್ಮಗಳ ಮುಖ ನೋಡೋಣ ಅಂತ ಕನ್ನಡಕ ತೆಗೆದ್ರಲ್ಲ, ಆಗ ಕೆಳಗೆ ಬಿತ್ತು. ನಾನೇ ಎತ್ಕೊಂಡೆ. ಅಳಿಯಂದಿರಿಗೆ ಹೇಳಬೇಡ, ಬೇಜಾರಾಗ್ತಾರೆ ಅಂದ್ರು ಅಪ್ಪ."

ಬಸ್ಸೊಂದು ಬಂದು ನಿಂತು ಹೊರಟುಹೋಯಿತು. ಇನ್ಸ್‌ಪೆಕ್ಟರ್ ತಲೆ ಎಣಿಸಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ರಾ?"

ಅವರು ಬಾಯಿ ತೆರೆದರು. ಆ ಟಿಕೆಟ್ ಈಗ ಎಲ್ಲಿದೆ ಎಂಬ ಪ್ರಶ್ನೆ ಮೂವತ್ತೊಂದು ವರ್ಷದ ರೂಢಿಯಂತೆ ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದರು. ಅವರೂ ಅದಕ್ಕೇ ಕಾಯುತ್ತಿದ್ದರು.

ಇನ್ಸ್‌ಪೆಕ್ಟರ್ ಆ ಪ್ರಶ್ನೆಯನ್ನು ನುಂಗಿಕೊಂಡರು. ಬಲಗೈಯ ಪಟ್ಟಿ ಬಿಚ್ಚಿ ಹೆಂಡತಿಯ ಕೈಗೆ ಕಟ್ಟಿದರು. ಎರಡು ಸಲ ಕೊಂಡಿ ತಪ್ಪಿತು, ಮೂರನೆಯ ಸಲ ಸಿಕ್ಕಿತು. ಆಮೇಲೆ ಇಬ್ಬರೂ ಮನೆಯ ಕಡೆ, ಬಂದ ದಾರಿಯಲ್ಲೇ, ನಡೆಯತೊಡಗಿದರು.